ಔಟ್‌ಬೋರ್ಡ್ ಎಂಜಿನ್‌ನ ಗಾಜಿನ ಫ್ಯೂಸ್ ತೆಗೆದು ಬ್ಲೇಡ್ ಫ್ಯೂಸ್ ಹಾಕಬಹುದೇ?

ಕೊಪ್ಪಳ ಜಿಲ್ಲೆಯ ತುಂಗಭದ್ರಾ ಹಿನ್ನೀರಿನಲ್ಲಿ ಓಡಿಸುವ ದೋಣಿಯ ಹಳೆಯ ಎಂಜಿನ್‌ನಲ್ಲಿ, ಕಂಪನಿಯೇ ಸೂಚಿಸಿದ 20 ಆಂಪಿಯರ್‌ನ ಗಾಜಿನ ಫ್ಯೂಸ್ ಪದೇ ಪದೇ ಹೋಗುತ್ತಿದೆ, 30ರ ಬ್ಲೇಡ್ ಫ್ಯೂಸ್ (ಎರಡು ಚಪ್ಪಟೆ ಕಾಲಿನ ಪ್ಲಾಸ್ಟಿಕ್ ಫ್ಯೂಸ್) ಹಾಕಲೇ ಎಂದು ಕೇಳಿದ್ದೀರಿ. ಬ್ಲೇಡ್ ಧಾರಾಳವಾಗಿ ಹಾಕಿ, ಆದರೆ 20ರದ್ದೇ ಇರಲಿ, 30 ಬೇಡ. ಫ್ಯೂಸ್ ಮುಖ್ಯವಾಗಿ ಕಾಯುವುದು ತಂತಿಯನ್ನು. ಅದನ್ನು ದೊಡ್ಡದು ಮಾಡಿದರೆ ಸುಡುವುದು ತಂತಿ, ಅದೂ ಪೆಟ್ರೋಲ್ ಪಕ್ಕದಲ್ಲಿ!

ಹಲವು ಸಲ ತಪ್ಪು ಫ್ಯೂಸಿನದಲ್ಲ, ಅದು ಕೂರುವ ಹೋಲ್ಡರಿನದು. ಹಸಿರುಗಟ್ಟಿದ ಕ್ಲಿಪ್ ಬಿಸಿಯಾಗಿ ಒಳ್ಳೆಯ ಫ್ಯೂಸನ್ನೂ ಕರಗಿಸುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ, ನೀರು ನುಗ್ಗದ ಹೋಲ್ಡರನ್ನು ವಿದ್ಯುತ್ ಬರುವ ತುದಿಗೆ ಹತ್ತಿರ ಕೂರಿಸಿ. ತಂತಿ ತವರ ಲೇಪಿತ ತಾಮ್ರದ್ದಾಗಿರಲಿ, ಹಳೆಯದಕ್ಕಿಂತ ತೆಳುವಾಗಿರದಿರಲಿ. ಟ್ರ್ಯಾಕ್ಟರಿಗೆ ಮಾಡುವಂತೆ ತಿರುಚಿ ಟೇಪ್ ಸುತ್ತಬೇಡಿ. ಕ್ರಿಂಪ್ ಮಾಡಿ (ಲೋಹದ ಕನೆಕ್ಟರಿನಲ್ಲಿಟ್ಟು ಒತ್ತಿ ಬಿಗಿಯಿರಿ), ಮೇಲೆ ಒಳಗಡೆ ಅಂಟು ಸವರಿದ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಅದಾದ ಮೇಲೂ ಫ್ಯೂಸ್ ಹಾರಿದರೆ ರೆಕ್ಟಿಫೈಯರ್ (ಎಂಜಿನ್‌ನ ಎಸಿ ವಿದ್ಯುತ್ತನ್ನು ಬ್ಯಾಟರಿಗಾಗಿ ಡಿಸಿ ಮಾಡುವ ಭಾಗ) ಶಾರ್ಟ್ ಆಗಿದೆಯೇ ನೋಡಿ.