ನಿಮ್ಮ ಕತೆ ನಾಲ್ಕನೇ ಪುಟದಲ್ಲಿದೆ

ಸೋಮವಾರಪೇಟೆಯ ಗೆಳೆಯರಿಗೆ ನಮಸ್ಕಾರ.

ನಿಮ್ಮ ವಿಜ್ಞಾನ ಕತೆಯನ್ನು ಎರಡು ಸಲ ಓದಿದೆ. ಈಗಿರುವಂತೆ ನಾನು ಅದನ್ನು ಪ್ರಕಟಣೆಗೆ ತೆಗೆದುಕೊಳ್ಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದ್ದನ್ನು ನೀವು ನಿಧಾನವಾಗಿ ಓದಬಹುದು.

ನಿಮ್ಮ ಕತೆ ಇಷ್ಟು: ಬಾಹ್ಯಾಕಾಶದಲ್ಲಿ ಒಂದು ಕೆಂಪು ದೀಪ ಮುನ್ನೂರು ವರ್ಷದಿಂದ ಮಿಣುಕುತ್ತಿದೆ. ಅದನ್ನು ದಾಟಿ ಹೋದ ಹಡಗುಗಳೆಲ್ಲ ಪುಡಿಯಾಗಿವೆ. ಮಡಿಕೇರಿ ಹುಡುಗನೊಬ್ಬ ಕ್ಯಾಪ್ಟನ್ ಆಗಿ ಅಲ್ಲಿಗೆ ಬರುತ್ತಾನೆ. ಒಂದು ಲಕ್ಷ ಕಿಲೋಮೀಟರ್ ದೂರದಿಂದ ದೀಪ ನೋಡುತ್ತಾನೆ, ಹಡಗು ತಿರುಗಿಸುತ್ತಾನೆ, ಎಲ್ಲರೂ ಬದುಕುತ್ತಾರೆ.

ಮೊದಲು ಲೆಕ್ಕ. ಹಡಗು ಬೆಳಕಿನ ವೇಗದ ಹತ್ತನೇ ಒಂದು ಪಾಲು ವೇಗದಲ್ಲಿ ಹೋಗುತ್ತಿದೆ ಅಂತ ನೀವೇ ಬರೆದಿದ್ದೀರಿ. ಅಂದರೆ ಸೆಕೆಂಡಿಗೆ 30,000 ಕಿಲೋಮೀಟರ್. ಒಂದು ಲಕ್ಷ ಕಿಲೋಮೀಟರ್ ದಾಟೋಕೆ ಅದಕ್ಕೆ ಮೂರು ಸೆಕೆಂಡು ಚಿಲ್ಲರೆ ಸಾಕು. ಅಷ್ಟರಲ್ಲಿ ನಿಮ್ಮ ಕ್ಯಾಪ್ಟನ್ ಅಮ್ಮನನ್ನು ನೆನೆದು, ಎಲ್ಲರನ್ನೂ ಕರೆದು, ಒಂದೂವರೆ ಪುಟ ಭಾಷಣ ಮಾಡಿದ್ದಾನೆ! ತಿರುಗಿಸೋಕೆ ಎರಡು ದಿನ ಬೇಕು ಅಂತಿಟ್ಟುಕೊಂಡರೂ ಎಚ್ಚರಿಕೆ ಸುಮಾರು 500 ಕೋಟಿ ಕಿಲೋಮೀಟರ್ ಮೊದಲೇ ಸಿಗಬೇಕು. ಹೆಚ್ಚುಕಡಿಮೆ ಸೂರ್ಯನಿಂದ ಪ್ಲೂಟೊಗೆ ಇರುವಷ್ಟು ದೂರ. ಅಲ್ಲಿಗೆ ಕೆಂಪು ಲೈಟು ಕಾಣಲ್ಲ. ರೇಡಿಯೊ ಬೇಕು. 1977ರಲ್ಲಿ ಹೊರಟ ವಾಯೇಜರ್-1 ಬಾಹ್ಯಾಕಾಶ ನೌಕೆ ಇವತ್ತಿಗೂ ಮಾತಾಡುವುದು ಬರೀ 23 ವ್ಯಾಟ್ ಆಸುಪಾಸಿನ ಟ್ರಾನ್ಸ್‌ಮಿಟರ್‌ನಿಂದ. ಆ ಪಿಸುಮಾತು ಕೇಳಲು ಭೂಮಿಯಲ್ಲಿ 70 ಮೀಟರ್ ಅಗಲದಂಥ ದೊಡ್ಡ ಡಿಷ್ ಆಂಟೆನಾ ಬಳಸುತ್ತಾರೆ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿರುವ ಇಸ್ರೋ ಡಿಷ್ 32 ಮೀಟರಿನದು. ಫೋಟೋ ನೋಡಿ, ಅದೇ ಎಷ್ಟು ದೊಡ್ಡದಿದೆ ಗೊತ್ತಾಗುತ್ತದೆ. ಅಂಥ ಕಿವಿ ನಿಮ್ಮ ಹಡಗಿನಲ್ಲಿ ಎಲ್ಲಿದೆ?

ಲೆಕ್ಕ ಸರಿಮಾಡುವುದು ಒಂದು ಸಂಜೆಯ ಕೆಲಸ. ನನ್ನ ತಕರಾರು ಬೇರೆ. ದೀಪದ ಬಗ್ಗೆ ಅಷ್ಟು ಬರೆದಿದ್ದೀರಿ, ಅದನ್ನು ನೋಡುವವರ ಬಗ್ಗೆ ಏನೂ ಇಲ್ಲ. ಕ್ಯಾಪ್ಟನ್ ನೋಡಿದ, ಅಪಾಯ ಅಂತ ಅರ್ಥವಾಯಿತು, ನಂಬಿದ. ಇಷ್ಟು ಸಲೀಸಾಗಿ ಯಾರು ನಂಬುತ್ತಾರೆ?

1967ರಲ್ಲಿ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿಗೆ ಆಕಾಶದಿಂದ ಒಂದು ಮಿಡಿತ ಸಿಕ್ಕಿತು. 1.33 ಸೆಕೆಂಡಿಗೆ ಒಂದು, ಚೂರೂ ತಪ್ಪದೆ. ತಮಾಷೆಗೆ ಅದಕ್ಕೆ 'ಪುಟ್ಟ ಹಸಿರು ಮನುಷ್ಯರು' ಅಂತ ಹೆಸರಿಟ್ಟರು. ಕೊನೆಗೆ ನೋಡಿದರೆ ಅದು ಗಿರಗಿರ ತಿರುಗುವ ಸತ್ತ ನಕ್ಷತ್ರ, ಪಲ್ಸಾರ್. ನಿಮ್ಮ ದೀಪವೂ ಹಾಗೇ ಒಂದೇ ತಾಳದಲ್ಲಿ ಮಿಣುಕುತ್ತದೆ. 'ಇನ್ನೊಂದು ಪಲ್ಸಾರ್' ಅಂದುಕೊಂಡು ಮಲಗುವ ಒಬ್ಬ ಅಧಿಕಾರಿ ಹಡಗಿನಲ್ಲಿ ಇರಬೇಡವೇ? ನನಗೆ ಕ್ಯಾಪ್ಟನ್‌ಗಿಂತ ಅವನ ಮೇಲೆ ಆಸೆ.

ಇದನ್ನು ಕೊಡಗಿನವರಿಗೆ ನಾನು ಹೇಳಿಕೊಡಬೇಕಾ! ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ನಿಮಗೆ ಗೊತ್ತು. ಎರಡನೇ ಸದ್ದು ಬರುತ್ತಾ ಅಂತ ಊರೇ ಕಿವಿಗೊಟ್ಟು ಕಾಯುತ್ತದೆ. ಹೋಂಸ್ಟೇಯಲ್ಲಿ ಮಲಗಿದ ಪ್ರವಾಸಿಗೆ ಮಾತ್ರ ಅದು ಪಟಾಕಿ. ಇನ್ನು ರಸ್ತೆ ಬದಿಯ 'ಆನೆ ಓಡಾಡುವ ಜಾಗ' ಬೋರ್ಡು. ದಿನಾ ಓಡಾಡುವವರು ಯಾರೂ ಅದಕ್ಕೆ ಬ್ರೇಕ್ ಹಾಕಲ್ಲ. ಆದರೆ ಬೆಳಗ್ಗೆ ಆರಕ್ಕೆ ಎಸ್ಟೇಟಿನ ರೈಟರು ಕೂಲಿಯವರ ಲೈನ್ ಮನೆ ಹತ್ತಿರ ನಿಂತು 'ಕೆರೆ ಬದಿ ಹೋಗಬೇಡಿ, ಮರಿ ಜೊತೆ ಇದೆ' ಅಂದರೆ ಒಬ್ಬರೂ ಆ ಕಡೆ ಹೋಗಲ್ಲ. ನಿಮ್ಮ ದೀಪ ಮುನ್ನೂರು ವರ್ಷದಿಂದ ಉರಿಯುತ್ತಿದೆ. ಅಂದಮೇಲೆ ಅದೂ ಬೋರ್ಡೇ ಆಗಿರುತ್ತದೆ, ಅಲ್ವಾ?

ಅಂದಹಾಗೆ ಆ ದೀಪ ಮುನ್ನೂರು ವರ್ಷದ ನಂತರವೂ ಇವತ್ತಿನ ಕನ್ನಡದಲ್ಲೇ 'ಅಪಾಯ' ಅನ್ನುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಅಣುತ್ಯಾಜ್ಯವನ್ನು ಉಪ್ಪಿನ ಪದರದಲ್ಲಿ ಹೂಳುತ್ತಾರೆ. 10,000 ವರ್ಷದ ನಂತರ ಬರುವವರಿಗೆ 'ಇಲ್ಲಿ ಅಗೆಯಬೇಡಿ' ಅಂತ ಹೇಗೆ ತಿಳಿಸುವುದು ಅಂತ ಭಾಷಾತಜ್ಞರನ್ನೂ ಕಲಾವಿದರನ್ನೂ ಕೂರಿಸಿ ಕೇಳಿದ್ದರು. ಅವರಿಗಿದ್ದ ಒಂದು ಭಯ: ಎಚ್ಚರಿಕೆ ದೊಡ್ಡದಾದಷ್ಟೂ ಒಳಗೆ ನಿಧಿ ಇದೆ ಅಂತ ಜನ ಅಗೆದಾರು. ಈ ಆಸೆಬುರುಕರು ನಿಮ್ಮ ಕತೆಗೆ ತುಂಬ ಹೊಂದುತ್ತಾರೆ. ತಗೊಳ್ಳಿ, ಬೇಕಾದರೆ.

'ಗಾಢ ಮೌನ ಆವರಿಸಿತು' ಐದು ಸಲ ಬಂದಿದೆ. ತೆಗೆಯಿರಿ.

ಈಗ ನಾಲ್ಕನೇ ಪುಟ. ಕ್ಯಾಪ್ಟನ್‌ಗೆ ಮನೆತನದಲ್ಲಿ ಹೇಳಿಕೊಂಡು ಬಂದ 2018ರ ಆಗಸ್ಟ್, ಕೊಡಗಿನ ಭೂಕುಸಿತದ ದಿನಗಳು, ನೆನಪಾಗುತ್ತದೆ. ಬರೀ ಆರು ಸಾಲು. ಮಳೆ ಹೊಯ್ಯುತ್ತಲೇ ಇದೆ, ಮನೆ ಹಿಂದಿನ ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ನೀರೇ ಕಡಿಮೆಯಾಗುತ್ತದೆ. ಅಡುಗೆಮನೆ ಬಾಗಿಲು ಮುಚ್ಚೋಕೆ ಬರುತ್ತಿಲ್ಲ. ಅಜ್ಜಿ ಏನೂ ಮಾತಾಡದೆ ಕೊಟ್ಟಿಗೆಗೆ ಹೋಗಿ ಹಸುಗಳ ಹಗ್ಗ ಬಿಚ್ಚುತ್ತಾಳೆ. ದೊಡ್ಡಪ್ಪ ಮಾತ್ರ 'ಈ ಬೆಟ್ಟ ನನ್ನಪ್ಪನ ಕಾಲದಿಂದ ಇದೆ' ಅಂತ ಕುರ್ಚಿ ಬಿಟ್ಟು ಏಳುವುದಿಲ್ಲ.

ಇಲ್ಲಿ ನಾನು ಪುಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಲ್ಲಿ ದೀಪ ಇಟ್ಟವರು ಯಾರೂ ಇಲ್ಲ. ತೋಡು, ಬಾಗಿಲು, ಅಷ್ಟೇ. ಓದಬಲ್ಲವರು ಓದಿದರು. ಇದನ್ನು ನೆನಪು ಅಂತ ಮಡಚಿ ಇಡಬೇಡಿ, ಹಡಗಿನೊಳಗೆ ತನ್ನಿ. ಹಡಗಿನಲ್ಲೂ ಒಬ್ಬಳು ಅಜ್ಜಿ ಇರಲಿ, ಒಬ್ಬ ದೊಡ್ಡಪ್ಪ ಇರಲಿ. ದೀಪ ಅವರಿಬ್ಬರ ನಡುವೆ ಮಿಣುಕಲಿ.

ಅವಸರ ಇಲ್ಲ. ಕಾಫಿ ಕೊಯ್ಲು ಮುಗಿಸಿಕೊಂಡೇ ಬರೆಯಿರಿ. ಕಳಿಸುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ: ಅಜ್ಜಿ ಯಾವ ಹಸುವಿನ ಹಗ್ಗ ಮೊದಲು ಬಿಚ್ಚಿದಳು, ದೊಡ್ಡಪ್ಪ ಕೊನೆಗೆ ಎದ್ದನಾ ಇಲ್ಲವಾ. ನೀವು ಅದನ್ನು ಬರೆದೇ ಇಲ್ಲ.