ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ: ಬೋರ್ಡ್ ವಾಪಸ್ ಕೊಡೋ ಮೊದಲು

ನಮಸ್ಕಾರ ರೀ. ನಿಮ್ಮ ಕಂಪ್ಯೂಟರಿನಲ್ಲಿ ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, ಬೇರೆ ಗ್ರಾಫಿಕ್ಸ್ ಕಾರ್ಡ್. ಫ್ಯಾನೆಲ್ಲ ತಿರುಗುತ್ತವೆ, ಮಾನಿಟರ್ ಮಾತ್ರ 'ನೋ ಸಿಗ್ನಲ್' ಅನ್ನುತ್ತೆ, ಬೋರ್ಡ್ ವಾಪಸ್ ಕೊಡೋಕೆ ಹುಬ್ಬಳ್ಳಿಗೆ ಹೋಗಲಾ ಅಂತ ಕೇಳಿದ್ದೀರಿ. ಧಾರವಾಡದಿಂದ ಸುಮ್ನೆ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಡಿ, ಸ್ವಲ್ಪ ತಡೆಯಿರಿ.

ಎಚ್‌ಡಿಎಂಐ ಕೇಬಲ್ ಎಲ್ಲಿ ಹಾಕಿದ್ದೀರಿ? 5600ರ ಒಳಗೆ ಗ್ರಾಫಿಕ್ಸ್ ಇಲ್ಲ, 5600ಜಿಯಂಥದ್ದರಲ್ಲಿ ಇದೆ. ಬೋರ್ಡಿನ ಪೋರ್ಟಿಗೆ ಹಾಕಿದ್ದರೆ ಏನೂ ಬರಲ್ಲ. ಕೆಳಗಿರುವ ಗ್ರಾಫಿಕ್ಸ್ ಕಾರ್ಡಿಗೇ ಹಾಕಿ. ಕಾರ್ಡಿಗೆ ಬೇರೆ ಪವರ್ ಕೇಬಲ್ ಬೇಕಿದ್ದರೆ ಅದನ್ನೂ ನೋಡಿ.

ಅದು ಸರಿ ಇದ್ದರೆ ನನ್ನ ಅನುಮಾನ ಮೆಮೊರಿ ಸ್ಟಿಕ್, ಅಂದರೆ ರ್‍ಯಾಮ್ ಮೇಲೆ. ನಾನು ಮೊದಲ ಸಲ ಜೋಡಿಸಿದಾಗ ಎರಡು ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ನೋಡಿದರೆ, ಸ್ಟಿಕ್ಕಿನ ಒಂದು ತುದಿ ಕೂತಿತ್ತು, ಇನ್ನೊಂದು ಕೂದಲೆಳೆಯಷ್ಟು ಮೇಲಿತ್ತು! ಸ್ವಿಚ್ ಆಫ್ ಮಾಡಿ, ಕರೆಂಟ್ ವೈರ್ ಕಿತ್ತು, ಎರಡೂ ಸ್ಟಿಕ್ ತೆಗೆಯಿರಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೆ ಒಂದನ್ನೇ ಹಾಕಿ. 'ಟಕ್' ಅನ್ನುವ ತನಕ ಒತ್ತಬೇಕು. ಬೋರ್ಡ್ ಮುರಿದೇಹೋಯ್ತೇನೋ ಅನ್ನಿಸುತ್ತೆ, ಆದರೆ ಅಷ್ಟು ಬಲ ಬೇಕೇ ಬೇಕು. ಆನ್ ಮಾಡಿ ಒಂದೆರಡು ನಿಮಿಷ ಕಾಯಿರಿ. ಬರದಿದ್ದರೆ ಇನ್ನೊಂದು ಸ್ಟಿಕ್ ಹಾಕಿ ನೋಡಿ.

ಪ್ರೊಸೆಸರ್ ಹತ್ತಿರದ 8 ಪಿನ್ ಪವರ್ ಕೇಬಲ್ಲನ್ನು ಮರೆಯೋರು ಜಾಸ್ತಿ. ಅದಿಲ್ಲದಿದ್ದರೂ ಫ್ಯಾನ್ ತಿರುಗುತ್ತೆ, ಅದೇ ಮೋಸ.

ಬೋರ್ಡಿನ ಮೇಲೆ ಸಿಪಿಯು, ಡಿರ್‍ಯಾಮ್, ವಿಜಿಎ ಅಂತ, ಅಂದರೆ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್‌ಗೆ ಒಂದೊಂದರಂತೆ, ಬರೆದ ಸಣ್ಣ ಲೈಟುಗಳಿವೆಯಾ? ಇದ್ದರೆ ಯಾವುದು ಹತ್ತಿಕೊಂಡೇ ಇರುತ್ತೆ ಅಂತ ನೋಡಿ, ಇಲ್ಲೇ ಬರೆಯಿರಿ.