ಮಾಸ್ಕ್ ಕೊಟ್ಟರೆ ಮುಗಿಯಿತಾ?

ಕೆಲಸದ ಜಾಗದ ಆರೋಗ್ಯ, ಸುರಕ್ಷತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗಂಗಾವತಿ ಹತ್ತಿರ ಒಂದು ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಎಲ್ಲರಿಗೂ ಮಾಸ್ಕ್, ಹೆಲ್ಮೆಟ್ ಕೊಟ್ಟಿದ್ದೇವೆ. ಯಾರೂ ಹಾಕಲ್ಲ. ದಂಡ ಹಾಕಿ ನೋಡಿದೆವು, ಆಗಲೂ ಅಷ್ಟೇ. ಮೊನ್ನೆ ಒಬ್ಬ ಹುಡುಗನ ಅಂಗಿ ತೋಳು ಬೆಲ್ಟಿಗೆ ಸಿಕ್ಕಿ, ಕೈ ಸ್ವಲ್ಪದರಲ್ಲೇ ಉಳಿಯಿತು. ಇವರಿಗೆ ಶಿಸ್ತು ಕಲಿಸುವುದು ಹೇಗೆ?
- ಹೆಸರು ಬೇಡ, ಗಂಗಾವತಿ

ಉತ್ತರ: ಆ ಹುಡುಗ ಮಾಸ್ಕ್, ಹೆಲ್ಮೆಟ್ ಎರಡೂ ಹಾಕಿಕೊಂಡಿದ್ದರೂ ತೋಳು ಬೆಲ್ಟಿಗೆ ಸಿಗುತ್ತಿತ್ತು, ಅಲ್ವಾ? ಆ ಬೆಲ್ಟಿಗೆ ಜಾಲರಿ ಇರಬೇಕಿತ್ತು. ತಿರುಗುವ ಯಂತ್ರದ ಭಾಗಕ್ಕೆ ಗಟ್ಟಿ ತಡೆ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮೇ ಹೇಳಿತ್ತು. ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಆದರೂ ಮಾಲೀಕನ ಹೊಣೆ ತಪ್ಪಿಲ್ಲ. ಹಾಗಾಗಿ ಮೊದಲು ಬೆಲ್ಟು, ಪುಲ್ಲಿ, ಚೈನುಗಳನ್ನೆಲ್ಲ ಒಂದು ಸುತ್ತು ನೋಡಿ, ಕೈ ಹೋಗುವ ಕಡೆಯೆಲ್ಲ ಜಾಲರಿ ಹಾಕಿಸಿ. ರಿಪೇರಿಗೆ ಅಂತ ಬಿಚ್ಚಿ ಮೂಲೆಗೆ ಒರಗಿಸಿಟ್ಟ ಜಾಲರಿಗಳು ನಿಮ್ಮ ಮಿಲ್ಲಿನಲ್ಲೇ ಸಿಗಬಹುದು.

ಇನ್ನೊಂದು ದೊಡ್ಡ ಅಪಾಯ, ಭತ್ತವನ್ನು ಮೇಲಕ್ಕೆ ಸಾಗಿಸುವ ಎಲಿವೇಟರ್ ಕಟ್ಟಿಕೊಂಡಾಗ. ಒಬ್ಬ ಕೆಳಗೆ ಕೈ ಹಾಕಿ ಭತ್ತ ತೆಗೆಯುತ್ತಿರುತ್ತಾನೆ, ಮೇಲಿದ್ದವನಿಗೆ ಅದು ಗೊತ್ತಿರಲ್ಲ, ಸ್ವಿಚ್ ಹಾಕಿಬಿಡುತ್ತಾನೆ. ಕೂಗಿ ಹೇಳಿದರೆ ಸಾಲದು, ಆ ಸದ್ದಿನಲ್ಲಿ ಯಾರಿಗೆ ಕೇಳುತ್ತೆ? ಮೇನ್ ಆಫ್ ಮಾಡಿ, ಬೀಗ ಹಾಕಿ, ಕೈ ಹಾಕುವವನ ಜೇಬಲ್ಲೇ ಬೀಗದ ಕೈ ಇರಲಿ. ಬೀಗಕ್ಕೆ ಆಗುವ ಖರ್ಚು ತೀರಾ ಕಡಿಮೆ.

ಭತ್ತ ತುಂಬಿಡುವ ದೊಡ್ಡ ಬಿನ್ನಿನೊಳಗೆ ಇಳಿಯುವುದನ್ನಂತೂ ಇವತ್ತೇ ನಿಲ್ಲಿಸಿ. ಕೆಳಗಿನ ಗೇಟು ತೆರೆದಿದ್ದರೆ ಹರಿಯುವ ಕಾಳು ಮನುಷ್ಯನನ್ನು ಕ್ಷಣಗಳಲ್ಲಿ ಒಳಗೆಳೆಯುತ್ತದೆ. ನೆನೆಹಾಕುವ ತೊಟ್ಟಿ ಹುಳಿ ಬಂದಿದ್ದರೆ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಗಾಳಿ ಆಡಿಸದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಒಬ್ಬ ಕಾಯದೆ ಯಾರೂ ಇಳಿಯಬಾರದು. ನೀವೂ ಇಳಿಯಬಾರದು.

ಈಗ ಮಾಸ್ಕಿಗೆ ಬರೋಣ. ಹಮಾಲರನ್ನು ಕೂರಿಸಿಕೊಂಡು ಯಾಕೆ ಹಾಕಲ್ಲ ಅಂತ ಕೇಳಿದ್ದೀರಾ? ಏಪ್ರಿಲ್ ಬಿಸಿಲಲ್ಲಿ 75 ಕೆಜಿ ಚೀಲ ಹೊತ್ತು ಹಲಗೆ ಹತ್ತುವವನಿಗೆ ಮಾಸ್ಕಿನಲ್ಲಿ ಉಸಿರು ಸಾಲಲ್ಲ. ಅಂದಹಾಗೆ ಆ 75 ಕೆಜಿಯೇ ತಪ್ಪು. ಒಬ್ಬ ಗಂಡಸಿನ ಮೇಲೆ 55 ಕೆಜಿಗಿಂತ ಜಾಸ್ತಿ ಹೊರಿಸಬಾರದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಧೂಳನ್ನು ಹುಟ್ಟುವಲ್ಲೇ ಹಿಡಿಯಿರಿ. ಧೂಳು ಎಳೆದು ಹಿಡಿಯುವ ಸೈಕ್ಲೋನ್ ಯಂತ್ರದ ಪೈಪಿನ ಸೋರುವ ಜಾಯಿಂಟುಗಳನ್ನು ಮುಚ್ಚಿಸಿ, ಒಣ ಪೊರಕೆ ಬಿಡಿಸಿ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಶ್ವಾಸಕೋಶಕ್ಕೆ ಕೆಟ್ಟದಾದ ಖನಿಜ ಇರುತ್ತದೆ, ತಣ್ಣಗಾದ ಮೇಲೆ ನೀರು ಚಿಮುಕಿಸಿಯೇ ಎತ್ತಿಸಿ. ಇಷ್ಟಾದ ಮೇಲೂ ಧೂಳು ಉಳಿಯುವ ಜಾಗದಲ್ಲಿ ಮಾತ್ರ ಸಣ್ಣ ಧೂಳನ್ನೂ ತಡೆಯುವ ಎನ್95 ಮಾಸ್ಕ್ ಕೊಡಿ. ಬಟ್ಟೆ ಮಾಸ್ಕ್ ಸಣ್ಣ ಧೂಳನ್ನು ತಡೆಯಲ್ಲ. ದಂಡ ಬಿಡಿ. ದಂಡ ಇರುವ ಕಡೆ ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ನಿಮಗೆ ಬೇಕಾಗಿರುವುದು ಆ ಸುದ್ದಿಯೇ.

ಪ್ರಶ್ನೆ: ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿಗೆ ಹೋಗುತ್ತೇನೆ. ವಾರದ ರಜೆ ಮುಗಿಸಿ ಹೋದ ದಿನ ಎದೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ. ಮರುದಿನ ಕಡಿಮೆ. ಕೆಲಸ ತಪ್ಪಿಸಲು ನೆಪ ಅಂತಾರೆ.
- ಒಬ್ಬ ಸಹೋದರಿ

ಉತ್ತರ: ಇದು ನೆಪ ಅಲ್ಲಮ್ಮ. ಹತ್ತಿ ಧೂಳಿನಿಂದ ಬಿಸಿನೋಸಿಸ್ ಅಂತ ಒಂದು ಕಾಯಿಲೆ ಬರುತ್ತದೆ, ನೀವು ಹೇಳಿದ್ದೇ ಅದರ ಮೊದಲ ಗುರುತು: ರಜೆ ಮುಗಿದ ಮೊದಲ ದಿನವೇ ಜಾಸ್ತಿ. ಶುರುವಿನಲ್ಲೇ ಧೂಳಿನಿಂದ ದೂರವಾದರೆ ವಾಸಿಯಾಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಶ್ವಾಸಕೋಶ ಮತ್ತೆ ಸರಿಹೋಗಲ್ಲ. ಡಾಕ್ಟರ ಹತ್ತಿರ ಬರೀ ಕೆಮ್ಮು ಅನ್ನಬೇಡಿ. ಯಾವ ಮಿಲ್ಲು, ಎಷ್ಟು ವರ್ಷ, ಯಾವ ದಿನ ಜಾಸ್ತಿ, ಎಲ್ಲ ಹೇಳಿ. ಕೆಲಸಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಊದುವ ಪರೀಕ್ಷೆ ಮಾಡಿಸಿದರೆ ಕಾಗದದ ಮೇಲೇ ಕಾಣುತ್ತದೆ. ಅದನ್ನು ಸ್ಪೈರೋಮೆಟ್ರಿ ಅಂತಾರೆ. ಇದು ಕಾನೂನಿನ ಪಟ್ಟಿಯಲ್ಲೇ ಇರುವ ವೃತ್ತಿ ಕಾಯಿಲೆ. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತ ಇದ್ದರೆ ಚಿಕಿತ್ಸೆ ಜೊತೆಗೆ ಪರಿಹಾರವನ್ನೂ ಕೇಳಬಹುದು. ಸಂಬಳ ಚೀಟಿಗಳನ್ನು, ಪರೀಕ್ಷೆಯ ಕಾಗದಗಳನ್ನು ಜೋಪಾನ ಮಾಡಿ. ಅಲ್ಲಿಯವರೆಗೆ ಧೂಳು ಕಡಿಮೆ ಇರುವ ಕಡೆ ಕೆಲಸ ಕೇಳಿ, ಬೇಕಾದರೆ ಡಾಕ್ಟರ ಚೀಟಿ ತೋರಿಸಿ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಮಾಡುತ್ತೇವೆ. ಎಂಟೇ ಜನ. ಇಷ್ಟು ಸಣ್ಣ ಘಟಕಕ್ಕೂ ಸುರಕ್ಷತೆ ಅಂತೆಲ್ಲ ಬೇಕಾ?
- ಒಬ್ಬ ಮಾಲೀಕ, ಬಳ್ಳಾರಿ

ಉತ್ತರ: ಬೇಕು. ಕಾರ್ಖಾನೆ ಅನ್ನಿಸಿಕೊಳ್ಳಲು ಇಂತಿಷ್ಟು ಜನ ಅಂತ ಕಾನೂನು ಹೇಳುತ್ತದೆ, ನಿಜ. ಆದರೆ ಬ್ಲೀಚು ಎಂಟು ಜನ ಅಂತ ನೋಡಿ ಬಿಡಲ್ಲ. ಬ್ಲೀಚ್, ಆಸಿಡ್ ಒಂದೇ ಬಕೆಟ್ಟಿಗೆ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಅವನ್ನು ಬೇರೆ ಬೇರೆ ಕಡೆ ಇಡಿ, ಪ್ರತಿ ಕ್ಯಾನಿನ ಮೇಲೆ ಕನ್ನಡದಲ್ಲಿ ಹೆಸರು ಬರೆಯಿರಿ, ನೀರಿನ ಬಾಟಲಿಗೆ ಕೆಮಿಕಲ್ ತುಂಬಬೇಡಿ. ಜೀನ್ಸಿನ ಬಣ್ಣ ತಿಳಿ ಮಾಡಲು ಪರ್ಮಾಂಗನೇಟ್ ಸ್ಪ್ರೇ ಮಾಡುವವರಿಗೆ ಕನ್ನಡಕ, ಗ್ಲೌಸ್ ಬೇಕು, ಎದುರಿಗೆ ಗಾಳಿ ಎಳೆಯುವ ಫ್ಯಾನೂ ಬೇಕು. ಕಣ್ಣಿಗೆ ಸಿಡಿದರೆ ಕೂಡಲೇ ಹರಿಯುವ ನೀರಲ್ಲಿ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ಒದ್ದೆ ನೆಲದಲ್ಲಿ ಮೋಟರ್ ಓಡುತ್ತಿರುತ್ತದೆ, ಅದಕ್ಕೆ ಒಳ್ಳೆ ಅರ್ಥಿಂಗ್ ಇರಲಿ, ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚನ್ನು ಲೈನಿಗೆ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ.